ಬಳ್ಳಾರಿಯಲ್ಲಿ ನಡಿಗೆಗೂ ಗುಡ್ಡ ಹತ್ತಲಿಕ್ಕೂ ಹೃದಯ ಬಡಿತ ಅಳೆಯಲು ಸ್ಮಾರ್ಟ್‌ವಾಚ್ ಸಾಕೇ, ಎದೆಪಟ್ಟಿ ಬೇಕೇ?

ತಮ್ಮ ವಯಸ್ಸು 45 ಎಂದೂ, ದಿನವೂ ನಡೆದು ವಾರಕ್ಕೊಮ್ಮೆ ಕೋಟೆ ಗುಡ್ಡ ಹತ್ತುತ್ತೀರೆಂದೂ ತಿಳಿಸಿದ್ದೀರಿ. ನಡಿಗೆಗಷ್ಟೇ ಆದರೆ ಸ್ಮಾರ್ಟ್‌ವಾಚ್ ಸಾಕು. ಅದು ಹಸಿರು ಬೆಳಕನ್ನು ಚರ್ಮದ ಮೇಲೆ ಹಾಯಿಸಿ, ರಕ್ತದ ಹರಿವಿನ ಏರಿಳಿತದಿಂದ ಬಡಿತವನ್ನು ಲೆಕ್ಕ ಹಾಕುವುದರಿಂದ, ವಾಚಿನ ಪಟ್ಟಿ ಸಡಿಲವಾಗಿದ್ದರೆ ಅಥವಾ ಮೆಟ್ಟಿಲೇರುವಾಗ ಬಡಿತ ಒಮ್ಮೆಲೇ ಹೆಚ್ಚಿದರೆ ತಪ್ಪಾದ ಇಲ್ಲವೇ ತಡವಾದ ಅಂಕಿ ತೋರಿಸಬಹುದು. ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳಿನಷ್ಟು ಮೇಲೆ ಅಲುಗದಂತೆ ಕಟ್ಟಿಕೊಳ್ಳಿ. ಎದೆಪಟ್ಟಿಯಾದರೋ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಗುಡ್ಡಕ್ಕೆ ನಾನು ಅದನ್ನೇ ಆರಿಸುತ್ತೇನೆ. ಧರಿಸುವ ಮುನ್ನ ಅದರ ಒಳಬದಿಯನ್ನು ನೀರಿನಿಂದ ಒದ್ದೆ ಮಾಡಬೇಕು, ಬೆವರಿನ ಉಪ್ಪು ಕಟ್ಟದಂತೆ ಆಮೇಲೆ ತೊಳೆಯಬೇಕು.

220ರಿಂದ ವಯಸ್ಸನ್ನು ಕಳೆದರೆ ಗರಿಷ್ಠ ಬಡಿತದ ಅಂದಾಜು ಸಿಗುತ್ತದೆ. ತಮಗೆ ಅದು 175. ಮಧ್ಯಮ ಶ್ರಮದ ವ್ಯಾಯಾಮಕ್ಕೆ ಅದರ ಶೇಕಡಾ 64ರಿಂದ 76, ಅಂದರೆ ನಿಮಿಷಕ್ಕೆ ಸುಮಾರು 112ರಿಂದ 133 ಇರಬೇಕು. ಇದು ಸರಾಸರಿಯ ಸೂತ್ರವಾದ್ದರಿಂದ ಹತ್ತು ಹನ್ನೆರಡು ಬಡಿತಗಳ ವ್ಯತ್ಯಾಸ ಸಾಮಾನ್ಯ.

ಬಳ್ಳಾರಿಗೆ ಇರುವುದು ಬೇಸಿಗೆ, ಕಡುಬೇಸಿಗೆ ಎಂಬ ಎರಡೇ ಕಾಲ ಎಂದು ನಾವೇ ನಗುತ್ತೇವಲ್ಲ, ಆ ಬಿಸಿಲೂ ಲೆಕ್ಕಕ್ಕೆ ಬರುತ್ತದೆ: ಮೈ ತಂಪಾಗಿಸಲು ದೇಹವು ಚರ್ಮದ ಕಡೆಗೆ ಹೆಚ್ಚು ರಕ್ತ ಹರಿಸುವುದರಿಂದ ಅದೇ ವೇಗದ ನಡಿಗೆಗೂ ಬಡಿತ ಏರುತ್ತದೆ. ಆಗ ಅಂಕಿಯನ್ನು ನಂಬಿ ವೇಗ ತಗ್ಗಿಸಿ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ಸೇವಿಸುತ್ತಿದ್ದರೆ ಬಡಿತವೇ ತಗ್ಗಿರುತ್ತದೆ. ಈ ಸೂತ್ರವನ್ನು ಬಿಟ್ಟು ತಮ್ಮ ಮಿತಿಯನ್ನು ವೈದ್ಯರಿಂದಲೇ ಕೇಳಿ ತಿಳಿಯಿರಿ.