ಕೆಮಿಸ್ಟ್ರಿ ಪ್ರಾಜೆಕ್ಟ್ ವರದಿಯಲ್ಲಿ ಆಕರಗಳನ್ನು ಬರೆಯುವುದು ಹೇಗೆ?

ಹಾಸನದಲ್ಲಿ ಎಂ.ಎಸ್ಸಿ. ಓದುತ್ತಾ, ಚಿಕ್ಕಮಗಳೂರಿನ ರೋಬಸ್ಟಾ ಕಾಫಿ ಬೀಜದ ಕೆಫೀನ್ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿರುವ ನೀವು, ಆಕರಗಳನ್ನು ಯಾವ ಕ್ರಮದಲ್ಲಿ ಬರೆಯಬೇಕು ಎಂದು ಕೇಳಿದ್ದೀರಿ. ಮೊದಲು ನಿಮ್ಮ ಗೈಡ್ ಅವರನ್ನು ವಿಚಾರಿಸಿ. ವಿಭಾಗಕ್ಕೇ ಒಂದು ನಿಯಮವಿದ್ದರೆ ಅದನ್ನೇ ಪಾಲಿಸಿ. ಇಲ್ಲದಿದ್ದರೆ ಅಮೆರಿಕನ್ ಕೆಮಿಕಲ್ ಸೊಸೈಟಿಯ ಶೈಲಿಯನ್ನು ಹಿಡಿಯಿರಿ.

ಒಂದು ನಿಜವಾದ ಲೇಖನವನ್ನೇ ನೋಡಿ: ರಾಮನ್, ಸಿ. ವಿ.; ಕೃಷ್ಣನ್, ಕೆ. ಎಸ್. ಎ ನ್ಯೂ ಟೈಪ್ ಆಫ್ ಸೆಕೆಂಡರಿ ರೇಡಿಯೇಶನ್. ನೇಚರ್ 1928, 121, 501–502. ಹೆಸರು ಮೊದಲು, ಇನಿಶಿಯಲ್ ಆಮೇಲೆ. ಲೇಖಕರ ನಡುವೆ ಅರ್ಧವಿರಾಮ. ಪತ್ರಿಕೆಯ ಹೆಸರು, ಸಂಪುಟದ ಸಂಖ್ಯೆ ಓರೆ ಅಕ್ಷರದಲ್ಲಿ, ಇಸವಿ ದಪ್ಪಕ್ಷರದಲ್ಲಿ. ಕೊನೆಗೆ ಡಿಒಐ, ಅಂದರೆ ಆ ಲೇಖನದ ಡಿಜಿಟಲ್ ಗುರುತು ಸಂಖ್ಯೆ, ಸೇರಿಸಿ. ನಮ್ಮ ಕಡೆ ಊರು, ತಂದೆಯ ಹೆಸರುಗಳೇ ಇನಿಶಿಯಲ್ ಆಗುವುದರಿಂದ ಆಕರಗಳ ಪಟ್ಟಿ ಮಾಡಿಕೊಡುವ ಸಾಫ್ಟ್‌ವೇರ್ ಎಷ್ಟೋ ಸಲ ಹೆಸರನ್ನು ತಿರುಗಿಸಿಬಿಡುತ್ತದೆ. ಮೂಲ ಲೇಖನ ತೆರೆದಿಟ್ಟುಕೊಂಡು ಒಂದೊಂದನ್ನೂ ತಾಳೆ ನೋಡಿ.

ಪತ್ರಿಕೆಗಳ ಹೆಸರನ್ನು ಮೊಟಕುಗೊಳಿಸುವುದಕ್ಕೆ ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್ ಸರ್ವಿಸ್‌ನ ಕ್ಯಾಸ್ಸಿ (CASSI) ಎಂಬ ಸೂಚಿ ಇದೆ. ಸ್ವಂತ ಸಂಕ್ಷೇಪ ಬೇಡ. ನೇಚರ್‌ನಂತಹ ಒಂದೇ ಪದದ ಹೆಸರು ಹಾಗೆಯೇ ಇರುತ್ತದೆ.

ವರದಿಯ ಬರಹದ ಒಳಗೆ ಆಕರದ ಸಂಖ್ಯೆ ಕೊಡುವುದಾದರೆ ಮೇಲಕ್ಕೆತ್ತಿದ ಸಣ್ಣ ಅಂಕಿ ಪೂರ್ಣವಿರಾಮದ ನಂತರ ಬರಬೇಕು. ಮೊದಲು ಉಲ್ಲೇಖಿಸಿದ್ದು 1. ಅದೇ ಆಕರ ಮತ್ತೆ ಬಂದರೆ ಹಳೆಯ ಸಂಖ್ಯೆಯೇ.

ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯ ಪ್ರಕಟಣೆಯಿಂದ ಅಂಕಿಅಂಶ ತೆಗೆದುಕೊಂಡಿದ್ದು, ಅದರಲ್ಲಿ ಲೇಖಕರ ಹೆಸರು ಇಲ್ಲದಿದ್ದರೆ ಸಂಸ್ಥೆಯ ಹೆಸರನ್ನೇ ಲೇಖಕರ ಜಾಗದಲ್ಲಿ ಬರೆಯಿರಿ. ಇನ್ನೊಬ್ಬರ ಥೀಸಿಸ್‌ನ ಕೊನೆಯಲ್ಲಿರುವ ಪಟ್ಟಿಯಿಂದ ಮಾತ್ರ ದಯವಿಟ್ಟು ನಕಲು ಮಾಡಬೇಡಿ. ಅಲ್ಲಿ ಪುಟಸಂಖ್ಯೆ ತಪ್ಪಿದ್ದರೆ ನಿಮ್ಮದರಲ್ಲೂ ತಪ್ಪುತ್ತದೆ.