ಮಗನ ಮೌನ: ಸ್ವಭಾವವೋ, ಸಂಕಟವೋ?

ಪ್ರಶ್ನೆ: ನಮ್ಮದು ದಾವಣಗೆರೆ. ಹತ್ತನೇ ತರಗತಿಯಲ್ಲಿರುವ 15 ವರ್ಷದ ಮಗ ಮೊದಲಿನಿಂದಲೂ ಮಿತಭಾಷಿ, ಬೇಗ ಗಾಬರಿಯಾಗುತ್ತಾನೆ. ಮೂರು ತಿಂಗಳಿಂದ ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಎನ್ನುತ್ತಾನೆ. ಸ್ಕ್ಯಾನಿಂಗ್‌ನಲ್ಲಿ ಏನೂ ಕಂಡಿಲ್ಲ. 13 ವರ್ಷದ ಮಗಳು ತದ್ವಿರುದ್ಧ, ಮಾತೆತ್ತಿದರೆ ಬಾಗಿಲು ಬಡಿಯುತ್ತಾಳೆ. ಅತ್ತೆಯವರು 'ಹುಟ್ಟುಗುಣ ಸುಟ್ಟರೂ ಹೋಗದು, ಬಿಡು' ಎನ್ನುತ್ತಾರೆ. ಬಿಡಬಹುದೇ?

ಉತ್ತರ: ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧ ನಿಜವಿದೆ. 1956ರಲ್ಲಿ ನ್ಯೂಯಾರ್ಕಿನ ಮನೋವೈದ್ಯ ದಂಪತಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಹಸುಗೂಸುಗಳನ್ನು ವರ್ಷಾನುಗಟ್ಟಲೆ ಗಮನಿಸುವ ಅಧ್ಯಯನ ಆರಂಭಿಸಿದರು. ಹೊಸದಕ್ಕೆ ಹಿಂಜರಿಯುವುದು, ಸಣ್ಣದಕ್ಕೂ ಕೆರಳುವುದು ಮುಂತಾದ ಭೇದಗಳು ಎಳವೆಯಲ್ಲೇ ಕಾಣುತ್ತವೆ ಎಂಬುದು ಅದರಿಂದ ತಿಳಿಯಿತು. ಆದರೆ ಅವರು ಒತ್ತಿ ಹೇಳಿದ್ದು ಬೇರೆಯೇ: ತೊಂದರೆ ಹುಟ್ಟುವುದು ಗುಣದಿಂದಲೇ ಅಲ್ಲ, ಆ ಗುಣಕ್ಕೂ ಮನೆ ಮತ್ತು ಶಾಲೆಯ ನಿರೀಕ್ಷೆಗೂ ಹೊಂದಿಕೆ ತಪ್ಪಿದಾಗ.

ಸಂಕಟ ಯಾವ ದಾರಿ ಹಿಡಿಯುತ್ತದೆ ಎಂಬುದರಲ್ಲಿ ಮಾತ್ರ ಸ್ವಭಾವಕ್ಕೆ ದೊಡ್ಡ ಪಾಲಿದೆ. ಬೇಗ ಗಾಬರಿಯಾಗುವ ಮಕ್ಕಳಲ್ಲಿ ಅದು ಹೆಚ್ಚಾಗಿ ಒಳಮುಖವಾಗಿ ಆತಂಕ, ಖಿನ್ನತೆ, ಕಾರಣ ಸಿಗದ ಮೈನೋವಾಗುತ್ತದೆ. ದುಡುಕು ಸ್ವಭಾವದವರಲ್ಲಿ ಜಗಳ, ನಿಯಮಭಂಗವಾಗಿ ಹೊರಬೀಳುತ್ತದೆ. ಹೊರಬಿದ್ದದ್ದು ಎಲ್ಲರ ಕಣ್ಣಿಗೆ ಬೀಳುವುದರಿಂದ ಬಾಗಿಲು ಬಡಿಯುವವಳ ಬಗ್ಗೆ ಮನೆಯವರು ಚಿಂತಿಸುತ್ತಾರೆ, ಸುಮ್ಮನಿರುವವನನ್ನು 'ಒಳ್ಳೆ ಹುಡುಗ' ಎಂದು ಬಿಟ್ಟುಬಿಡುತ್ತಾರೆ. ನನಗೆ ಹೆಚ್ಚು ಕಳವಳವಿರುವುದು ನಿಮ್ಮ ಮಗನ ಬಗ್ಗೆಯೇ.

ಇಂಥದೇ ಹುಡುಗನೊಬ್ಬ ನನ್ನ ಮುಂದೆ ಕುಳಿತಿದ್ದಾಗ ಪ್ರತಿ ಪ್ರಶ್ನೆಗೂ ತಾಯಿಯೇ ಉತ್ತರಿಸುತ್ತಿದ್ದರು. ಅವನು ಬಸ್ ಟಿಕೆಟನ್ನು ಬೆರಳುಗಳ ನಡುವೆ ಹೊಸೆದು ಹೊಸೆದು ಬತ್ತಿಯಂತೆ ಮಾಡಿದ್ದ. ತಾಯಿಯನ್ನು ಹೊರಗೆ ಕೂರಿಸಿದ ಹತ್ತು ನಿಮಿಷದ ಮೇಲೆ, ತರಗತಿಯಲ್ಲಿ ಅಂಕಗಳನ್ನು ಕಡಿಮೆ ಬಂದವರಿಂದ ಶುರುಮಾಡಿ ಗಟ್ಟಿಯಾಗಿ ಓದುತ್ತಾರೆ ಎಂದ. ಅವನ ಹೊಟ್ಟೆನೋವು ನಟನೆಯಾಗಿರಲಿಲ್ಲ. ಆತಂಕದಲ್ಲಿ ಕರುಳಿನ ಚಲನೆ ನಿಜವಾಗಿಯೂ ಏರುಪೇರಾಗುತ್ತದೆ.

ಆದ್ದರಿಂದ ಮಗನನ್ನು ತಂಗಿಯೊಂದಿಗೆ ಹೋಲಿಸದೆ, ಹೋದ ವರ್ಷದ ಅವನೊಂದಿಗೇ ಹೋಲಿಸಿ ನೋಡಿ. ನಿದ್ದೆ, ಊಟ, ಗೆಳೆಯರು, ಇಷ್ಟದ ಆಟ ಇವುಗಳಲ್ಲಿ ಯಾವುದು ಕಳಚಿಹೋಗಿದೆ? ಶಾಲೆಯನ್ನು ಪೂರ್ತಿ ಬಿಡಿಸಬೇಡಿ, ತಪ್ಪಿಸಿಕೊಂಡಷ್ಟೂ ಭಯ ಬಲಿಯುತ್ತದೆ. ಬೈದು ಅಟ್ಟಲೂ ಬೇಡಿ. ತರಗತಿಯ ಶಿಕ್ಷಕರನ್ನು ಕಂಡು ಮಾತನಾಡಿ. ಮಗಳ ಸಿಟ್ಟು ಮನೆಯೊಳಗೇ ಇದ್ದರೆ, ಅದು ಇಳಿದ ಮೇಲೆ ಮಾತನಾಡಿಸಿದರೆ ಸಾಕು.

ಮೂರು ತಿಂಗಳು ಕಾದದ್ದೇ ಹೆಚ್ಚಾಯಿತು. ಚಿಗಟೇರಿ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನಲ್ಲಿ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು. ಸಾವಿನ ಮಾತು ಬಂದರೆ ಅಂದೇ ಕರೆದೊಯ್ಯಿರಿ. ಹೋಗುವಾಗ ನೋವು ಬಂದ ದಿನಗಳನ್ನು ಬರೆದುಕೊಂಡು ಹೋಗಿ: ಸೋಮವಾರ ಹೆಚ್ಚೋ, ಕಿರುಪರೀಕ್ಷೆಯ ದಿನ ಹೆಚ್ಚೋ, ರಜೆಯಲ್ಲಿ ಇರುವುದೇ ಇಲ್ಲವೋ. ವೈದ್ಯರಿಗೆ ಸ್ಕ್ಯಾನಿಂಗ್ ವರದಿಗಿಂತ ಆ ಹಾಳೆ ಹೆಚ್ಚು ಹೇಳುತ್ತದೆ.