ಡ್ರಾ ಆಗಲ್ಲ ಅಂತ ದುಡ್ಡು ಹಾಕುವ ಮುಂಚೆ

ಅಣ್ಣಾ, ಬರೋ ಟೆಸ್ಟಿನಲ್ಲಿ ಡ್ರಾ ಆಗಲ್ಲ ಅಂತ ಮೊದಲ ದಿನವೇ ದುಡ್ಡು ಹಾಕಿ, ವಿಕೆಟ್ ಬಿದ್ದು ಡ್ರಾ ರೇಟ್ (ಡ್ರಾ ಆದರೆ ಒಂದು ರೂಪಾಯಿಗೆ ಸಿಗುವ ದುಡ್ಡು) ಏರಿದಾಗ ಲಾಭ ಎತ್ತಿಕೊಂಡು ಬೆಟ್‌ನಿಂದ ಹೊರಗೆ ಬರಬಹುದಾ ಎಂದು ಕೇಳಿದ್ದೀರಿ. ಲೆಕ್ಕವೇನೋ ಸರಿ. ಬೇಗ ವಿಕೆಟ್ ಬಿದ್ದರೆ ಡ್ರಾ ಆಗುವ ಸಾಧ್ಯತೆ ಕಡಿಮೆಯಾಗಿ ಡ್ರಾ ರೇಟ್ ಏರುತ್ತದೆ. ಜೊತೆಯಾಟ ನಿಂತರೆ, ಮಳೆ ಬಂದರೆ ಇಳಿಯುತ್ತದೆ, ಆಗ ನಷ್ಟ ನಿಮ್ಮದು.

2001ರ ಈಡನ್ ಗಾರ್ಡನ್ಸ್ ಟೆಸ್ಟ್ ನೆನಪಿದೆಯಾ? ಮೊದಲ ಇನ್ನಿಂಗ್ಸ್‌ನಲ್ಲಿ ತುಂಬಾ ಹಿಂದೆ ಬಿದ್ದು ಭಾರತ ಕೂಡಲೇ ಮತ್ತೆ ಬ್ಯಾಟ್ ಮಾಡಬೇಕಾಗಿ ಬಂದ (ಫಾಲೋ ಆನ್) ಮೇಲೆ ಲಕ್ಷ್ಮಣ್, ದ್ರಾವಿಡ್ ನಾಲ್ಕನೇ ದಿನವಿಡೀ ಔಟಾಗಲಿಲ್ಲ. ಐದನೇ ದಿನ ಭಾರತ 171 ರನ್‌ಗಳಿಂದ ಗೆದ್ದಿತು! ಅಂಥ ಆಟದಲ್ಲಿ ಯಾವಾಗ ಹೊರಗೆ ಬರ್ತೀರಿ?

ಇನ್ನೊಂದು ವಿಷಯ. ಸಿಂಧನೂರಿನಲ್ಲಿ ನಿಮ್ಮ ಮೊಬೈಲಿನಲ್ಲಿ ಒಂದು ಚೆಂಡಿನ ಆಟ ಕಾಣುವಷ್ಟರಲ್ಲಿ ಮೈದಾನದಲ್ಲಿ ಕೂತವನಿಗೆ ಎಲ್ಲಾ ಗೊತ್ತಾಗಿರುತ್ತದೆ. ರೇಟ್ ಆಗಲೇ ಬದಲಾಗಿರುತ್ತದೆ.

ಕಾನೂನೂ ನಿಮ್ಮ ಕಡೆ ಇಲ್ಲ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಕಾಯ್ದೆಯಲ್ಲಿ ನಿಷೇಧಿಸಿದೆ. ಊರಿನ ಬುಕ್ಕಿ ದುಡ್ಡು ಕೊಡದಿದ್ದರೆ ಯಾವ ಠಾಣೆಗೆ ಹೋಗ್ತೀರಿ?

ಭತ್ತ ಮಾರಿದ ದುಡ್ಡು ಅಂದಿದ್ದೀರಿ. ದಯವಿಟ್ಟು ಅದನ್ನು ಮುಟ್ಟಬೇಡಿ. ಪಿಚ್, ಹವಾಮಾನ ಓದುವ ಆಸಕ್ತಿ ನಿಮಗಿದೆ, ಅದು ನನಗೆ ಇಷ್ಟವಾಯಿತು. ಪ್ರತಿ ಸೆಷನ್ ಮುಂಚೆ ಒಂದು ನೋಟ್‌ಬುಕ್ಕಿನಲ್ಲಿ ನಿಮ್ಮ ಅಂದಾಜು ಬರೆದಿಡಿ. ಐದು ದಿನ ಮುಗಿದ ಮೇಲೆ ನನಗೂ ತೋರಿಸಿ, ಎಲ್ಲಿ ಸರಿ ಹೋಯಿತು ಅಂತ ಇಬ್ಬರೂ ನೋಡೋಣ.